ಬರಹದಲ್ಲಿ ತಪ್ಪು ಎಲ್ಲಿಂದ ಬರುತ್ತಿದೆ: ಕಾಗುಣಿತ ಮತ್ತು ಬೆರಳಚ್ಚಿನ ದೋಷ ನಿವಾರಣೆ ಕೈಪಿಡಿ

ಹಾಸನದಲ್ಲಿ ಅರ್ಜಿ, ಕರಪತ್ರ, ಲಗ್ನಪತ್ರಿಕೆ, ಸಂಘಗಳ ವಾರ್ಷಿಕ ವರದಿ ಇವುಗಳನ್ನು ಬೆರಳಚ್ಚು ಮಾಡುತ್ತಾ, ಬೇರೆಯವರು ಮಾಡಿದ್ದನ್ನು ತಿದ್ದುತ್ತಾ ನಾನು ಹಲವು ವರ್ಷಗಳನ್ನು ಕಳೆದಿದ್ದೇನೆ. ತಪ್ಪು ಕಂಡ ಕೂಡಲೇ ಬರೆದವರನ್ನು ‘ಗಮನವಿಟ್ಟು ಬರೆಯಬಾರದೇ’ ಎಂದು ಗದರುವುದು ಎಲ್ಲ ಕಡೆಯ ರೂಢಿ. ಆದರೆ ತೋಟದ ಮೋಟಾರು ಓಡದಿದ್ದಾಗ ಯಾರೂ ಮೊದಲಿಗೇ ಅದನ್ನು ಕೊಳವೆಬಾವಿಯಿಂದ ಮೇಲೆತ್ತಿಸುವುದಿಲ್ಲ. ಕರೆಂಟ್ ಇದೆಯೇ, ಫ್ಯೂಸ್ ಹೋಗಿದೆಯೇ ಎಂದು ನೋಡಿ ಆಮೇಲೆ ಮುಂದಿನ ಮಾತು. ಬರಹದ ತಪ್ಪನ್ನೂ ಹಾಗೆಯೇ ನೋಡಬೇಕು. ತಪ್ಪು ಕಿವಿಯಿಂದ ಬಂದಿರಬಹುದು, ಕೈಯಿಂದ, ಕಣ್ಣಿನಿಂದ ಅಥವಾ ಯಂತ್ರದಿಂದ ಬಂದಿರಬಹುದು. ಒಂದೊಂದೂ ತನ್ನದೇ ಗುರುತನ್ನು ಬಿಟ್ಟು ಹೋಗುತ್ತದೆ; ಆ ಗುರುತನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ.

ಎಲ್ಲಕ್ಕಿಂತ ಮೊದಲು ಮಾಡಬೇಕಾದ ಪರೀಕ್ಷೆ

ಇದಕ್ಕೆ ಒಂದು ಕಾಗದ, ಒಂದು ಪೆನ್ನು ಸಾಕು. ಇತ್ತೀಚೆಗೆ ನೀವು ಬರೆದದ್ದರಲ್ಲಿ ಸಿಕ್ಕ ಹತ್ತು ತಪ್ಪುಗಳನ್ನು, ತಪ್ಪು ರೂಪದಲ್ಲಿಯೇ, ಒಂದು ಸಾಲಿನಲ್ಲಿ ಬರೆದುಕೊಳ್ಳಿ. ಆಮೇಲೆ ಬೇರೊಬ್ಬರಿಂದ ಅದೇ ಪದಗಳನ್ನು ಹೇಳಿಸಿಕೊಂಡು ಇನ್ನೊಂದು ಹಾಳೆಯ ಮೇಲೆ ಪೆನ್ನಿನಲ್ಲಿ ಬರೆಯಿರಿ. ಪೆನ್ನಿನಲ್ಲಿ ಸರಿ ಬಂದು ಕಂಪ್ಯೂಟರಿನಲ್ಲಿ ಮಾತ್ರ ತಪ್ಪಾಗಿದ್ದರೆ ನಿಮ್ಮ ಕನ್ನಡಕ್ಕೆ ಏನೂ ಆಗಿಲ್ಲ. ದೋಷ ಕೀಬೋರ್ಡಿನಲ್ಲಿ, ತಂತ್ರಾಂಶದಲ್ಲಿ ಅಥವಾ ಬೆರಳಿನಲ್ಲಿದೆ. ಎರಡರಲ್ಲೂ ಅದೇ ತಪ್ಪು ಬಂದಿದ್ದರೆ ಆ ಪದವನ್ನು ನೀವು ಕೇಳಿಸಿಕೊಂಡಿರುವ ರೀತಿಯಲ್ಲೇ ತೊಡಕಿದೆ. ಒಂದೇ ಪುಟದಲ್ಲಿ ಒಂದು ಪದ ಎರಡು ಸಲ ಸರಿಯಾಗಿಯೂ ಒಂದು ಸಲ ತಪ್ಪಾಗಿಯೂ ಇದ್ದರೆ ಅದು ಕೈಜಾರು. ಪ್ರತಿ ಸಲವೂ ತಪ್ಪಾಗಿದ್ದರೆ ಅದು ಕೈಜಾರಲ್ಲ, ತಿಳಿಯದಿರುವುದು. ಈ ಎರಡಕ್ಕೂ ಬೇರೆ ಬೇರೆ ಮದ್ದು ಬೇಕಾಗುವುದರಿಂದ ಈ ಪರೀಕ್ಷೆಯನ್ನು ಬಿಟ್ಟು ಮುಂದೆ ಹೋಗಬೇಡಿ.

‘ಬೆಳೆ’ ಎಂದು ಬರೆದದ್ದು ‘ಬೆಲೆ’ ಎಂದು ಬೀಳುತ್ತಿದೆ

ಕಾಫಿ ಸೀಮೆಯಲ್ಲಿ ಇದು ಸಣ್ಣ ತಪ್ಪಲ್ಲ. ‘ಕಾಫಿ ಬೆಳೆ ಕುಸಿದಿದೆ’ ಎಂಬುದಕ್ಕೂ ‘ಕಾಫಿ ಬೆಲೆ ಕುಸಿದಿದೆ’ ಎಂಬುದಕ್ಕೂ ಇರುವ ಅಂತರ ಏನೆಂದು ಪರಿಹಾರದ ಅರ್ಜಿ ಬರೆಸಲು ಬಂದವರಿಗೆ ಚೆನ್ನಾಗಿ ಗೊತ್ತು.

ಮೊದಲು ಶಿಫ್ಟ್ ಕೀಲಿಯನ್ನು ಅನುಮಾನಿಸಿ. ಕೆ.ಪಿ. ರಾವ್ ಅವರು ರೂಪಿಸಿದ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಲ್ಲಿ ಬಳಕೆಯಲ್ಲಿರುವ ಕೀಲಿ ವಿನ್ಯಾಸದಲ್ಲಿ ಮಹಾಪ್ರಾಣಗಳು, ಣ, ಳ, ಶ ಮತ್ತು ದೀರ್ಘ ಸ್ವರಗಳು ಶಿಫ್ಟ್ ಒತ್ತಿದರೆ ಮಾತ್ರ ಬರುತ್ತವೆ. ಆದ್ದರಿಂದ ಶಿಫ್ಟ್ ಕೀಲಿ ಸವೆದಿದ್ದರೆ, ಅಥವಾ ಕಿರುಬೆರಳು ಅದನ್ನು ಪೂರ್ತಿ ಒತ್ತುವ ಮೊದಲೇ ಮುಂದಿನ ಬೆರಳು ಓಡಿಬಿಟ್ಟರೆ, ಇವೆಲ್ಲವೂ ಒಟ್ಟಿಗೆ ಕೆಡುತ್ತವೆ: ‘ಮೆಣಸು’ ಹೋಗಿ ‘ಮೆನಸು’, ‘ತೋಟ’ ಹೋಗಿ ‘ತೊಟ’, ‘ಏಲಕ್ಕಿ’ ಹೋಗಿ ‘ಎಲಕ್ಕಿ’ ಆಗುತ್ತವೆ. ಒಂದೇ ಪುಟದಲ್ಲಿ ಈ ಬಗೆಗಳೆಲ್ಲ ಸೇರಿಕೊಂಡಿದ್ದರೆ ದೋಷ ಶಿಫ್ಟಿನದು. ಮಹಾಪ್ರಾಣ ಮಾತ್ರ ಹೋಗಿ ಉಳಿದದ್ದೆಲ್ಲ ಸರಿಯಿದ್ದರೆ ಶಿಫ್ಟ್ ನಿರಪರಾಧಿ; ಅದು ಕಿವಿಯ ವಿಷಯ, ಮುಂದೆ ಬರುತ್ತದೆ.

ಖಚಿತಪಡಿಸಿಕೊಳ್ಳಲು ನಾನು ಬಳಸುವ ಪದ ‘ಶ್ರವಣಬೆಳಗೊಳ’. ಈ ವಿನ್ಯಾಸದಲ್ಲಿ ಆ ಒಂದು ಹೆಸರಿಗೆ ನಾಲ್ಕು ಸಲ ಶಿಫ್ಟ್ ಬೇಕು. ಹತ್ತು ಸಲ ಹೊಡೆದು ನೋಡಿ. ಪ್ರತಿ ಸಲವೂ ‘ಸ್ರವನಬೆಲಗೊಲ’ ಎಂದೇ ಬಂದರೆ ಕೀಲಿ ಸತ್ತಿದೆ. ಕೀಬೋರ್ಡಿನ ಇನ್ನೊಂದು ಬದಿಯ ಶಿಫ್ಟ್ ಒತ್ತಿ ನೋಡಿದರೆ ಅದು ಸ್ಪಷ್ಟವಾಗುತ್ತದೆ. ಕೆಲವು ಸಲ ಮಾತ್ರ ತಪ್ಪಿದರೆ ಬೆರಳಿನ ಅವಸರ, ಅದಕ್ಕೆ ವೇಗ ಇಳಿಸುವುದೊಂದೇ ದಾರಿ. ಇದಕ್ಕೆ ವಿರುದ್ಧವಾಗಿ, ಇರಬಾರದ ಕಡೆಯಲ್ಲೆಲ್ಲ ಮಹಾಪ್ರಾಣ ಬರುತ್ತಿದ್ದರೆ ಕ್ಯಾಪ್ಸ್ ಲಾಕ್ ದೀಪ ಉರಿಯುತ್ತಿದೆಯೇ ಎಂದು ನೋಡಿ. ಏನು ಒತ್ತಿದರೂ ಸಂಬಂಧವೇ ಇಲ್ಲದ ಅಕ್ಷರ ಬರುತ್ತಿದ್ದರೆ ಕಂಪ್ಯೂಟರು ‘ಇನ್‌ಸ್ಕ್ರಿಪ್ಟ್’ ವಿನ್ಯಾಸಕ್ಕೆ ಹೊರಳಿದೆ ಎಂದು ತಿಳಿಯಿರಿ. ಅದರಲ್ಲಿ ಸ್ವರಗಳೆಲ್ಲ ಎಡಗೈಗೆ, ವ್ಯಂಜನಗಳಲ್ಲಿ ಹೆಚ್ಚಿನವು ಬಲಗೈಗೆ ಸಿಗುತ್ತವೆ.

ಕೀಲಿಗಳ ಸಂದಿಯಲ್ಲಿ ಧೂಳು ಕೂತಿದ್ದರೆ ಕಂಪ್ಯೂಟರನ್ನು ಬಂದ್ ಮಾಡಿ, ಕೀಬೋರ್ಡಿನ ತಂತಿ ಬಿಡಿಸಿ, ಒಣ ಬ್ರಷ್ಷಿನಿಂದ ಮಾತ್ರ ತೆಗೆಯಿರಿ. ಸಕಲೇಶಪುರ, ಮೂಡಿಗೆರೆ ಕಡೆಯ ಮಳೆಗಾಲದಲ್ಲಿ ಕೀಲಿಗಳು ತೇವಕ್ಕೆ ಅಂಟಿಕೊಳ್ಳುವುದುಂಟು. ಹಾಗೆಂದು ಒದ್ದೆ ಬಟ್ಟೆ ಹಾಕಿ ಉಜ್ಜುವುದಾಗಲಿ, ಲ್ಯಾಪ್‌ಟಾಪಿನ ಕೀಲಿಗಳನ್ನು ಚಾಕುವಿನಿಂದ ಮೀಟುವುದಾಗಲಿ ಬೇಡ. ಅಲ್ಲಿಗೆ ನಿಲ್ಲಿಸಿ ರಿಪೇರಿಯವರಿಗೆ ಕೊಡಿ.

ಒತ್ತಕ್ಷರವೂ ಅರ್ಕಾವೊತ್ತೂ ಜಾಗ ತಪ್ಪಿ ಕೂರುತ್ತಿವೆ

‘ಆಶೀರ್ವಾದ’ ಎಂಬ ಪದ ಎರಡು ಬಗೆಯಲ್ಲಿ ಕೆಡುತ್ತದೆ, ಮತ್ತು ಆ ಎರಡು ಬಗೆಗಳು ಎರಡು ಬೇರೆ ರೋಗಗಳನ್ನು ಹೇಳುತ್ತವೆ. ಅರ್ಕಾವೊತ್ತಿನ ವಿಶೇಷವೆಂದರೆ ಅದರ ಧ್ವನಿ ಮೊದಲು ಬರುತ್ತದೆ, ಗುರುತು ಆಮೇಲೆ ಬರುತ್ತದೆ. ಬಾಯಲ್ಲಿ ಶೀ, ರ್, ವಾ ಎಂಬ ಕ್ರಮ. ಕಾಗದದ ಮೇಲೆ ಶೀ, ವಾ, ಆಮೇಲೆ ಆ ಕೊಕ್ಕೆ. ಬಾಯಿಯ ಕ್ರಮವನ್ನೇ ನಂಬಿ ಕೈಯಲ್ಲಿ ಬರೆಯುವವರು ಕೊಕ್ಕೆಯನ್ನು ಶೀ ಮತ್ತು ವಾ ನಡುವೆ ಹಾಕುತ್ತಾರೆ. ಆಗ ‘ಆರ್ಶೀವಾದ’ ಹುಟ್ಟುತ್ತದೆ. ಲಗ್ನಪತ್ರಿಕೆಗಳಲ್ಲಿ ಇದನ್ನು ನಾನು ಲೆಕ್ಕವಿಲ್ಲದಷ್ಟು ಸಲ ತಿದ್ದಿದ್ದೇನೆ. ಕಾಗದದ ಕ್ರಮವನ್ನು ರೂಢಿಸಿಕೊಂಡ ಕೈಯಿಂದ ಕೀಬೋರ್ಡಿನಲ್ಲಿ ಹೊಡೆಯುವವರು ಮೊದಲು ವಾ ಒತ್ತಿ ಆಮೇಲೆ ರ್ ಒತ್ತುತ್ತಾರೆ. ಆಗ ‘ಆಶೀವಾರ್ದ’ ಹುಟ್ಟುತ್ತದೆ. ಯೂನಿಕೋಡ್ ಬರಹದಲ್ಲಿ, ಅಂದರೆ ಎಲ್ಲ ಕಂಪ್ಯೂಟರುಗಳೂ ಒಂದೇ ಬಗೆಯಲ್ಲಿ ಓದುವ ಇಂದಿನ ಅಕ್ಷರ ಪದ್ಧತಿಯಲ್ಲಿ, ಬಾಯಿಯ ಕ್ರಮವೇ ಸರಿ: ಕೇಳಿಸಿದಂತೆ ಒತ್ತಿದರೆ ಗುರುತು ತಾನಾಗಿ ತನ್ನ ಜಾಗಕ್ಕೆ ಹೋಗುತ್ತದೆ. ಇಷ್ಟನ್ನು ವಿವರಿಸಿದರೆ ವರ್ಷಗಟ್ಟಲೆ ತಪ್ಪು ಮಾಡಿದವರೂ ಒಂದೇ ದಿನದಲ್ಲಿ ಸರಿಪಡಿಸಿಕೊಂಡದ್ದನ್ನು ಕಂಡಿದ್ದೇನೆ.

‘ಎಸ್ಟೇಟ್‌ಗೆ’ ಎಂದು ಬರೆಯಹೊರಟರೆ ‘ಎಸ್ಟೇಟ್ಗೆ’ ಎಂದು ಅಂಟಿಕೊಳ್ಳುವುದು ಇನ್ನೊಂದು ದೂರು. ಅರ್ಧಾಕ್ಷರದ ಮುಂದೆ ಕಣ್ಣಿಗೆ ಕಾಣದ ತಡೆಗುರುತು ಬೀಳದಿದ್ದರೆ ಮುಂದಿನ ವ್ಯಂಜನ ಒತ್ತಾಗಿ ಕೆಳಗಿಳಿಯುತ್ತದೆ. ಆ ಗುರುತನ್ನು ಹಾಕುವ ಕೀಲಿ ತಂತ್ರಾಂಶದಿಂದ ತಂತ್ರಾಂಶಕ್ಕೆ ಬೇರೆಯಾಗುವುದರಿಂದ, ನನ್ನ ಸಲಹೆ ಏನೆಂದರೆ ‘ಎಸ್ಟೇಟಿಗೆ’, ‘ಬ್ಯಾಂಕಿನಲ್ಲಿ’ ಎಂದು ನಮ್ಮ ಬಾಯಿಗೆ ಒಗ್ಗಿದ ರೂಪವನ್ನೇ ಬರೆಯುವುದು. ಓದಲೂ ಅದೇ ಚೆನ್ನ.

ನೋಡಲು ಸರಿಯಾಗಿದೆ, ಹುಡುಕಿದರೆ ಸಿಗುವುದಿಲ್ಲ

ಇದು ಎಲ್ಲಕ್ಕಿಂತ ಮೋಸದ ತಪ್ಪು. ಒಮ್ಮೆ ಒಂದು ಸಹಕಾರ ಸಂಘದ ಸದಸ್ಯರ ಪಟ್ಟಿಯನ್ನು ಪರಿಶೀಲಿಸಲು ನನ್ನನ್ನು ಕರೆದಿದ್ದರು. ಆಲೂರು ಕಡೆಯ ಹಿರಿಯರೊಬ್ಬರು ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಬಂದು ನಿಂತಿದ್ದರು. ಕಂಪ್ಯೂಟರಿನ ಮುಂದಿದ್ದ ಹುಡುಗ ‘ನಂಜ’ ಎಂದು ಹೊಡೆದು ಹುಡುಕಿ, “ಯಜಮಾನ್ರೇ, ನಿಮ್ ಹೆಸ್ರು ಪಟ್ಟೀಲಿ ಇಲ್ಲ” ಎಂದ. ಅವರು, “ಇಪ್ಪತ್ ವರ್ಸದಿಂದ ಸೇರ್ ಕಟ್ಟಿವ್ನಿ ಕಣಪ್ಪ, ಎಂಗಿಲ್ಲಾಂತೀಯ” ಎಂದು ಪಾಸ್‌ಬುಕ್ ಬಿಚ್ಚಿ ಮೇಜಿನ ಮೇಲಿಟ್ಟರು. ಪಟ್ಟಿಯನ್ನು ಕಣ್ಣಿನಿಂದ ಕೆಳಗಿಳಿದು ನೋಡಿದರೆ ಅವರ ಹೆಸರು ಅಲ್ಲಿಯೇ ಇತ್ತು. ಆದರೆ ‘ನಂಜ’ ಎಂಬಲ್ಲಿ ಅನುಸ್ವಾರದ ಬದಲು ಕನ್ನಡದ ಅಂಕಿ ಸೊನ್ನೆಯನ್ನು ಒತ್ತಿ ‘ನ೦ಜ’ ಎಂದು ಮಾಡಿದ್ದರು. ನಮ್ಮ ಕಣ್ಣಿಗೆ ಎರಡೂ ಒಂದೇ ಸೊನ್ನೆ. ಯಂತ್ರಕ್ಕೆ ಒಂದು ಅಕ್ಷರಭಾಗ, ಇನ್ನೊಂದು ಅಂಕಿ. ಆ ಪಟ್ಟಿಯಲ್ಲಿ ಅನುಸ್ವಾರವಿದ್ದ ಹೆಸರುಗಳೆಲ್ಲ ಹೀಗೆಯೇ ಇದ್ದುವು. ಅಂದರೆ ಅವರೆಲ್ಲರೂ ಹುಡುಕಾಟದ ಮಟ್ಟಿಗೆ ಸದಸ್ಯರೇ ಅಲ್ಲ.

ಪರೀಕ್ಷೆ ಸುಲಭವಾಗಿದೆ. ಅನುಮಾನವಿರುವ ಪದದ ಮೇಲೆ ಬಾಣದ ಕೀಲಿಯಿಂದ ಒಂದೊಂದೇ ಹೆಜ್ಜೆ ಸಾಗಿ. ನಿಜವಾದ ಅನುಸ್ವಾರವಾದರೆ ಕರ್ಸರ್ ‘ನಂ’ ಎಂಬುದನ್ನು ಒಂದೇ ಹೆಜ್ಜೆಯಲ್ಲಿ ದಾಟುತ್ತದೆ. ಅಂಕಿಯಾದರೆ ‘ನ’ ಆದ ಮೇಲೆ ಒಮ್ಮೆ ನಿಲ್ಲುತ್ತದೆ. ಕಡತದ ನಕಲೊಂದನ್ನು ಬೇರೆ ಕಡೆ ಇಟ್ಟುಕೊಂಡು, ಹುಡುಕುವ ಪೆಟ್ಟಿಗೆಯಲ್ಲಿ ಅಂಕಿಯನ್ನು ಕೊಟ್ಟು ಒಂದೊಂದಾಗಿ ಬದಲಿಸಿ. ‘ಎಲ್ಲವನ್ನೂ ಬದಲಿಸು’ ಎಂಬ ಗುಂಡಿಯನ್ನು ಒತ್ತಿದರೆ ೧೦, ೨೦, ೫೦೦ ಎಂದು ನಿಜವಾಗಿ ಅಂಕಿ ಇರಬೇಕಾದ ಕಡೆಯೂ ಅನುಸ್ವಾರ ಬಿದ್ದು ಲೆಕ್ಕವೇ ಕೆಡುತ್ತದೆ. ಇದೇ ಎಚ್ಚರಿಕೆ ‘ದ’ವನ್ನು ‘ಧ’ ಮಾಡುವಂತಹ ಯಾವ ಸಾರಾಸಗಟು ಬದಲಾವಣೆಗೂ ಅನ್ವಯಿಸುತ್ತದೆ.

ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡವೇ ಇಲ್ಲ

ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳಿದ್ದರೆ ಆ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇಲ್ಲ, ಹಾಕಿದರೆ ಸರಿಹೋಗುತ್ತದೆ. ಇಂಗ್ಲಿಷ್ ಅಕ್ಷರಗಳು ತಲೆಯ ಮೇಲೆ ಚುಕ್ಕಿ, ಗೀಟು ಹೊತ್ತುಕೊಂಡು ಅರ್ಥವಿಲ್ಲದ ಸಾಲಾಗಿ ನಿಂತಿದ್ದರೆ ಕಡತವನ್ನು ಯೂನಿಕೋಡಿಗಿಂತ ಹಿಂದಿನ ಪದ್ಧತಿಯ ಫಾಂಟಿನಲ್ಲಿ ಮಾಡಲಾಗಿದೆ; ಅದನ್ನು ಪರಿವರ್ತಕದಿಂದ ಬದಲಿಸಬೇಕು. ಪರಿವರ್ತನೆಯಾದ ಮೇಲೆ ಅರ್ಕಾವೊತ್ತು ಮತ್ತು ಒತ್ತಕ್ಷರಗಳನ್ನು ಕಡ್ಡಾಯವಾಗಿ ಒಂದು ಸಲ ಓದಿ ನೋಡಿ, ಏಕೆಂದರೆ ಹಳೆಯ ಪದ್ಧತಿಯಲ್ಲಿ ಅವು ಕಂಡ ಕ್ರಮದಲ್ಲಿ ಕೂತಿರುತ್ತವೆ. ಜಮೀನಿನ ಪತ್ರ, ಆಧಾರ್ ಸಂಖ್ಯೆ ಇರುವ ಅರ್ಜಿ ಮುಂತಾದವನ್ನು ಗುರುತುಪರಿಚಯವಿಲ್ಲದ ಜಾಲತಾಣದ ಪರಿವರ್ತಕಕ್ಕೆ ಹಾಕಬೇಡಿ. ಚುಕ್ಕಿಗಳ ಸಣ್ಣ ವೃತ್ತವೊಂದು ಕಾಣಿಸಿದರೆ ವ್ಯಂಜನವಿಲ್ಲದೆ ಬರೀ ಸ್ವರಚಿಹ್ನೆ ಒತ್ತಲ್ಪಟ್ಟಿದೆ ಎಂದು ಅರ್ಥ. ಅಳಿಸಿ ಮತ್ತೆ ಹೊಡೆಯಿರಿ.

ಮೊಬೈಲು ತಾನೇ ಬೇರೆ ಪದ ಬರೆಯುತ್ತಿದೆ

ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವವರಿಗೆ ಇದು ದಿನನಿತ್ಯದ ಪಾಡು. ಬಿ, ಇ, ಎಲ್, ಇ ಎಂಬ ನಾಲ್ಕು ಅಕ್ಷರ ಒತ್ತಿದರೆ ಅದು ಬೆಲೆಯೋ, ಬೆಳೆಯೋ, ಬೇಳೆಯೋ ಎಂದು ಮೊಬೈಲಿಗೆ ತಿಳಿಯುವ ದಾರಿಯಿಲ್ಲ. ಹೆಚ್ಚು ಬಳಕೆಯಲ್ಲಿರುವುದನ್ನು ಊಹಿಸಿ ಮುಂದಿಡುತ್ತದೆ, ನಾವು ನೋಡದೆ ಒಪ್ಪಿಕೊಳ್ಳುತ್ತೇವೆ. ಪದ ಮುಗಿದ ಮೇಲೆ ಸಲಹೆಯ ಪಟ್ಟಿಯನ್ನು ಒಮ್ಮೆ ನೋಡುವ ಅಭ್ಯಾಸ ಮಾಡಿಕೊಂಡರೆ ಬಹುಪಾಲು ಸರಿಹೋಗುತ್ತದೆ. ಹಿಂದೆ ತಪ್ಪಾಗಿ ಒಪ್ಪಿಕೊಂಡ ಪದವನ್ನೇ ಮೊಬೈಲು ಕಲಿತುಬಿಟ್ಟಿದ್ದರೆ, ಅನೇಕ ಕೀಬೋರ್ಡುಗಳಲ್ಲಿ ಆ ಸಲಹೆಯನ್ನು ಒತ್ತಿ ಹಿಡಿದು ಅಳಿಸಬಹುದು. ಇದರಿಂದಲೂ ನೆಮ್ಮದಿ ಸಿಗದಿದ್ದರೆ ನೇರವಾಗಿ ಕನ್ನಡ ಅಕ್ಷರಗಳ ಕೀಬೋರ್ಡಿಗೆ ಬದಲಾಗಿ. ಮೊದಲ ಒಂದೆರಡು ವಾರ ಕಷ್ಟವಾದರೂ ಊಹೆಯ ಕಾಟ ತಪ್ಪುತ್ತದೆ.

ಸರಿಯಾದ ಪದದ ಕೆಳಗೂ ಕೆಂಪು ಗೆರೆ ಬರುತ್ತಿದ್ದರೆ ಗಾಬರಿ ಬೇಡ. ಮನೆ, ಮನೆಗೆ, ಮನೆಯಲ್ಲಿ, ಮನೆಯವರಿಗೂ ಎಂದು ಒಂದೇ ಪದಕ್ಕೆ ಪ್ರತ್ಯಯಗಳು ಸೇರುತ್ತಾ ಹೋಗುವ ಭಾಷೆ ನಮ್ಮದು. ತಿದ್ದುವ ತಂತ್ರಾಂಶದ ಪಟ್ಟಿಯಲ್ಲಿ ಆ ರೂಪಗಳೆಲ್ಲ ಇರುವುದಿಲ್ಲ. ಅನುಮಾನ ಬಂದರೆ ಗೆರೆಯನ್ನು ನಂಬದೆ ನಿಘಂಟನ್ನು ನಂಬಿ.

ಪೆನ್ನಿನಲ್ಲಿ ಬರೆದರೂ ಅದೇ ತಪ್ಪು

ಇಲ್ಲಿಂದ ಮುಂದಿನದು ಕಿವಿಯ ದೋಷ, ಮತ್ತು ಇದನ್ನು ದೋಷವೆಂದು ಕರೆಯಲು ನನಗೆ ಸಂಕೋಚವಿದೆ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಪದದ ಮೊದಲ ಹಕಾರ ಮಾತಿನಲ್ಲಿ ಬೀಳುತ್ತದೆ: ಹಾಲು ಆಲಾಗುತ್ತದೆ, ಹೋಗು ಓಗಾಗುತ್ತದೆ, ಹಾಸನವೇ ‘ಆಸನ’ವಾಗುತ್ತದೆ. ಆಡಿದಂತೆ ಬರೆದ ಮಗುವಿನ ಬರಹದಲ್ಲಿ ‘ಅಸು ಆಲು ಕೊಡುತ್ತದೆ’ ಎಂದು ಬರುವುದು ಸಹಜ. ಮೇಷ್ಟರು ಅದಕ್ಕೆ ಬೈದರೆ, ಮಗು ಎಲ್ಲೆಲ್ಲಿ ಹಕಾರ ಬಿಟ್ಟಿದ್ದೇನೋ ಎಂದು ಹೆದರಿ ಇಲ್ಲದ ಕಡೆಗೂ ಸೇರಿಸಲು ತೊಡಗುತ್ತದೆ; ‘ಅಕ್ಕಿ’ ಹೋಗಿ ‘ಹಕ್ಕಿ’ ಆಗುವುದು ಹೀಗೆ. ಆದ್ದರಿಂದ ಇಲ್ಲದ ಹಕಾರ ಬರುತ್ತಿದ್ದರೆ, ಆ ಮಗು ತಪ್ಪು ಮಾಡಬಾರದೆಂದು ಅತಿಯಾಗಿ ಪ್ರಯತ್ನಿಸುತ್ತಿದೆ ಎಂಬುದೇ ಅದರ ಅರ್ಥ. ಇನ್ನಷ್ಟು ಗದರಿದರೆ ತಪ್ಪು ಇನ್ನಷ್ಟು ಹೆಚ್ಚುತ್ತದೆ.

ಹಕಾರ ಬೀಳುವುದು ಅಜ್ಞಾನವಲ್ಲ ಎನ್ನಲು ನಮ್ಮ ಊರಿನ ಪಕ್ಕದಲ್ಲೇ ಸಾಕ್ಷಿಯಿದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನ ಕ್ರಿ.ಶ. 450ರ ಸುಮಾರಿನದೆಂದು ಎಣಿಸಲ್ಪಟ್ಟಿದೆ. ಅದರಲ್ಲಿ ಊರಿನ ಹೆಸರು ‘ಪಲ್ಮಡಿ’ ಎಂದಿದೆ. ಅಂದಿನ ಪಕಾರ ಮುಂದೆ ಹಕಾರವಾಯಿತು: ಪಾಲು ಹಾಲಾಯಿತು, ಪಳ್ಳಿ ಹಳ್ಳಿಯಾಯಿತು, ಪಲ್ಮಡಿ ಹಲ್ಮಿಡಿಯಾಯಿತು. ಆ ಹಕಾರವೂ ಸಡಿಲಿ ಬೀಳುವುದು ಅದೇ ನಡಿಗೆಯ ಮುಂದಿನ ಹೆಜ್ಜೆ. ಮಗುವಿಗೆ ‘ಮನೆಯಲ್ಲಿ ಆಡುವ ಮಾತು ತಪ್ಪಲ್ಲ, ಬರೆಯುವಾಗ ಮಾತ್ರ ಹೀಗೆ ಬರೆಯೋಣ’ ಎಂದು ಹೇಳಿ, ಹಕಾರವಿರುವ ಪದಗಳನ್ನು ಗಟ್ಟಿಯಾಗಿ ಓದಿಸುತ್ತಾ ಬರೆಸಿದರೆ ಸಾಕು.

ಮಹಾಪ್ರಾಣದ ಗೊಂದಲಕ್ಕೂ ಇದೇ ಬೇರು. ದೈನಂದಿನ ಮಾತಿನಲ್ಲಿ ‘ಭಾಷೆ’, ‘ಧನ’ಗಳ ಉಸಿರು ಕೇಳಿಸುವುದೇ ಅಪರೂಪ; ಕೇಳಿಸದ್ದನ್ನು ಬರೆಯುವಾಗ ಎಲ್ಲಿ ಹೊಟ್ಟೆ ಸೀಳಬೇಕು, ಎಲ್ಲಿ ಬೇಡ ಎಂಬುದು ಊಹೆಯಾಗುತ್ತದೆ. ಕೆಲವು ಹಿಡಿತಗಳಿವೆ. ಅಚ್ಚಗನ್ನಡದ ಪದಗಳಲ್ಲಿ ಸಾಮಾನ್ಯವಾಗಿ ಮಹಾಪ್ರಾಣ ಇರುವುದಿಲ್ಲ. ಆದ್ದರಿಂದ ‘ಒಂಭತ್ತು’ ಅಲ್ಲ, ಒಂಬತ್ತು. ‘ಛಳಿ’ ಅಲ್ಲ, ಚಳಿ. ಸಂಸ್ಕೃತದಿಂದ ಬಂದ ಪದದಲ್ಲಿ ಒಂದೇ ವರ್ಗದ ಅಲ್ಪಪ್ರಾಣ ಮತ್ತು ಮಹಾಪ್ರಾಣ ಕೂಡಿದಾಗ ಮೇಲಿನದು ಅಲ್ಪಪ್ರಾಣ, ಒತ್ತು ಮಹಾಪ್ರಾಣ: ಸಿದ್ಧ, ಶುದ್ಧ, ಯುದ್ಧ, ಸ್ವಚ್ಛ, ಉತ್ಥಾನ. ‘ಸಿಧ್ದ’ ಎಂದು ಬಂದರೆ ಕೈ ಅವಸರಪಟ್ಟಿದೆ. ಶ ಮತ್ತು ಷಗಳಿಗೆ ನಾಲಿಗೆಯೇ ದಾರಿ ತೋರಿಸುತ್ತದೆ: ಟ, ಠ, ಣಗಳ ಜೊತೆ ಷ ಬರುತ್ತದೆ, ಕಷ್ಟ, ನಿಷ್ಠೆ, ಕೃಷ್ಣ ಎಂಬಂತೆ, ಚ ಜೊತೆ ಶ ಬರುತ್ತದೆ, ನಿಶ್ಚಯ, ಪಶ್ಚಿಮ ಎಂಬಂತೆ.

ಉಳಿದವಕ್ಕೆ ಪದವನ್ನು ಬಿಡಿಸಿ ನೋಡುವುದೇ ಮದ್ದು. ಶುಭ ಮತ್ತು ಆಶಯ ಸೇರಿದರೆ ಶುಭಾಶಯ. ಅಲ್ಲಿ ಷಕಾರಕ್ಕೆ ಜಾಗವಿಲ್ಲ. ಕೋಟಿ ಮತ್ತು ಅಂತರ ಸೇರಿದರೆ ಕೋಟ್ಯಂತರ, ಜಾತಿ ಮತ್ತು ಅತೀತ ಸೇರಿದರೆ ಜಾತ್ಯತೀತ, ಇವುಗಳಲ್ಲಿ ದೀರ್ಘವಿಲ್ಲ. ಚಿಕ್ಕಮಗಳೂರನ್ನು ‘ಚಿಕ್ಕಮಂಗಳೂರು’ ಎಂದು ಬರೆಯುವವರು ಮಂಗಳೂರನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಅದು ಚಿಕ್ಕ ಮಗಳ ಊರು, ಪಕ್ಕದಲ್ಲೇ ಹಿರೇಮಗಳೂರೂ ಇದೆ ಎಂದು ಒಮ್ಮೆ ಹೇಳಿದರೆ ಆ ಸೊನ್ನೆ ಮತ್ತೆ ಬರುವುದಿಲ್ಲ. ಶೃಂಗೇರಿಯಲ್ಲಿ ಋಷ್ಯಶೃಂಗನ ಹೆಸರಿದೆ ಎಂದು ತಿಳಿದವರು ‘ಶ್ರಿಂಗೇರಿ’ ಎಂದು ಬರೆಯುವುದಿಲ್ಲ.

ಎರಡು ಸಲ ಓದಿದರೂ ತಪ್ಪು ಕಾಣಲಿಲ್ಲ

ತಾನು ಬರೆದದ್ದನ್ನು ತಾನೇ ಓದುವಾಗ ಮನಸ್ಸು ಕಾಗದದ ಮೇಲಿರುವುದನ್ನು ಓದದೆ, ಬರೆಯಬೇಕೆಂದಿದ್ದುದನ್ನು ಓದುತ್ತದೆ. ಎಷ್ಟು ಅನುಭವಿಯಾದರೂ ಇದರಿಂದ ಬಿಡುಗಡೆಯಿಲ್ಲ. ಬರೆದದ್ದನ್ನು ಒಂದು ರಾತ್ರಿ ಇಟ್ಟು ಬೆಳಿಗ್ಗೆ ಓದಿ. ಅಚ್ಚು ತೆಗೆದು ಕಾಗದದ ಮೇಲೆ ಓದಿ. ಕೊನೆಯ ಸಾಲಿನಿಂದ ಮೇಲಕ್ಕೆ ಓದಿ. ಎಲ್ಲಕ್ಕಿಂತ ಒಳ್ಳೆಯದು ಹಳೆಯ ಮುದ್ರಣಾಲಯಗಳ ಪದ್ಧತಿ: ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಕರಡಿನ ಮೇಲೆ ಬೆರಳಿಟ್ಟು ಸಾಗುವುದು. ಶೀರ್ಷಿಕೆ, ಹೆಸರು, ತಾರೀಖು ಇವುಗಳನ್ನು ಬೇರೆಯಾಗಿ ಇನ್ನೊಮ್ಮೆ ನೋಡಿ. ದಪ್ಪ ಅಕ್ಷರದಲ್ಲಿರುವುದನ್ನು ಯಾರೂ ಓದುವುದಿಲ್ಲ, ಕಂಡೆವೆಂದು ದಾಟಿಬಿಡುತ್ತಾರೆ. ಬ್ಯಾನರುಗಳಲ್ಲಿ ‘ಉದ್ಗಾಟನೆ’, ‘ಹಾರ್ಧಿಕ’ ಉಳಿದುಕೊಳ್ಳುವುದು ಅದಕ್ಕೇ.

ತಪ್ಪು ಅಚ್ಚಾಗಿ, ಸಹಿಯಾಗಿ, ಕಚೇರಿಗೆ ಸೇರಿಬಿಟ್ಟಿದ್ದರೆ ಅಲ್ಲಿಗೆ ಕೈ ನಿಲ್ಲಿಸಿ. ಅಂಕಪಟ್ಟಿ, ಪಹಣಿ, ಕ್ರಯಪತ್ರಗಳಲ್ಲಿ ಒಂದು ಅಕ್ಷರವನ್ನೂ ಸ್ವಂತ ಕೈಯಿಂದ ತಿದ್ದಬಾರದು, ಅದರ ಮೇಲೆಯೇ ಮತ್ತೆ ಬರೆಯಬಾರದು. ಆ ಕಾಗದವೇ ಅನುಮಾನಕ್ಕೆ ಗುರಿಯಾಗುತ್ತದೆ. ತಿದ್ದುಪಡಿಗೆ ಆಯಾ ಕಚೇರಿಯಲ್ಲೇ ಅರ್ಜಿ ಕೊಡಬೇಕು.

ಸಂಜೆಯಾದಂತೆ ತಪ್ಪು ಹೆಚ್ಚುತ್ತಿದೆ, ಬೆರಳು ಜೋಮು ಹಿಡಿಯುತ್ತಿದೆ

ಬೆಳಿಗ್ಗೆಯ ಪುಟವನ್ನೂ ಸಂಜೆಯ ಪುಟವನ್ನೂ ಪಕ್ಕಪಕ್ಕದಲ್ಲಿಟ್ಟು ತಪ್ಪುಗಳನ್ನು ಎಣಿಸಿ. ಸಂಜೆಯದರಲ್ಲಿ ಮಾತ್ರ ಹೆಚ್ಚಿದ್ದರೆ ಅದು ದಣಿವು. 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿದರೆ ಕಣ್ಣಿಗೆ ಬಿಡುವು ಸಿಗುತ್ತದೆ. ಘ ಮತ್ತು ಫ, ದ ಮತ್ತು ಧ, ಮ ಮತ್ತು ವು ಇವು ಒಂದೇ ಆಗಿ ಕಾಣುತ್ತಿದ್ದರೆ, ಅದರಲ್ಲೂ ವಯಸ್ಸು ನಲವತ್ತು ದಾಟಿದ್ದರೆ, ಕನ್ನಡವನ್ನು ಬೈದುಕೊಳ್ಳುವ ಮೊದಲು ಕಣ್ಣು ಪರೀಕ್ಷೆ ಮಾಡಿಸಿ. ರಾತ್ರಿ ಮಣಿಕಟ್ಟು ನೋಯುವುದು, ಬೆರಳ ತುದಿ ಜುಮುಗುಟ್ಟುವುದು ದಿನಗಟ್ಟಲೆ ಮುಂದುವರಿದರೆ ಬೆರಳಚ್ಚು ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು, ತಡವಾದರೆ ಹಿಡಿತದ ಬಲವೇ ಕುಗ್ಗಬಹುದು.

ತಕ್ಷಣ ನೆರವು ಬೇಕಾದ ಚಿಹ್ನೆಗಳು

ನೆನ್ನೆಯವರೆಗೆ ಚೆನ್ನಾಗಿ ಬರೆಯುತ್ತಿದ್ದ ವಯಸ್ಕರೊಬ್ಬರು ಇದ್ದಕ್ಕಿದ್ದಂತೆ ತಮ್ಮ ಹೆಸರನ್ನೂ ಬರೆಯಲಾರದಾದರೆ, ಜೊತೆಗೆ ಬಾಯಿ ಒಂದು ಕಡೆ ವಾಲಿದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಅದು ಪಾರ್ಶ್ವವಾಯುವಿನ ಲಕ್ಷಣವಾಗಿರಬಹುದು. ಮಲಗಿ ಎದ್ದರೆ ಸರಿಹೋಗುತ್ತದೆ ಎಂದು ಕಾಯದೆ ಕೂಡಲೇ 108ಕ್ಕೆ ಕರೆ ಮಾಡಿ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಕಾಣಿಸಿದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಮೂಡಿಗೆರೆ, ಕೊಪ್ಪದ ಕಡೆಯ ಘಟ್ಟದ ರಸ್ತೆಗಳಲ್ಲಿ ಆ ಹೊತ್ತು ಬಹಳ ಬೇಗ ಕಳೆದುಹೋಗುತ್ತದೆ.

ಮಕ್ಕಳ ವಿಷಯ ಬೇರೆ. ಮೂರನೆಯ, ನಾಲ್ಕನೆಯ ತರಗತಿಗೆ ಬಂದ ಮೇಲೂ, ಬಾಯಿಮಾತಿನಲ್ಲಿ ಚುರುಕಾಗಿರುವ ಮಗು ಓದುವಾಗ ಅಕ್ಷರ ಬಿಡುತ್ತಿದ್ದರೆ, ಒಂದೇ ಪದವನ್ನು ಒಂದೇ ಪುಟದಲ್ಲಿ ಮೂರು ಬಗೆಯಾಗಿ ಬರೆಯುತ್ತಿದ್ದರೆ, ಬೋರ್ಡಿನಿಂದ ನಕಲು ಮಾಡುವಾಗಲೂ ಸಾಲು ತಪ್ಪುತ್ತಿದ್ದರೆ, ಮೊದಲು ಕಣ್ಣು ಮತ್ತು ಕಿವಿಯ ಪರೀಕ್ಷೆ ಮಾಡಿಸಿ. ಅವೆರಡೂ ಸರಿಯಿದ್ದರೆ ಅದು ನಿರ್ದಿಷ್ಟ ಕಲಿಕಾ ನ್ಯೂನತೆ ಆಗಿರಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದನ್ನು ಗುರುತಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದರ ಪರೀಕ್ಷೆ ನಡೆಯುತ್ತದೆ. ಪ್ರಮಾಣಪತ್ರ ಸಿಕ್ಕಿದರೆ ಪರೀಕ್ಷೆಗಳಲ್ಲಿ ಹೆಚ್ಚುವರಿ ಸಮಯದಂತಹ ರಿಯಾಯಿತಿಗೆ ಅವಕಾಶವಿದೆ. ಮನೆಮದ್ದು, ನೂರು ಸಲ ಬರೆಸುವುದು, ಟ್ಯೂಷನ್ ಬದಲಿಸುವುದು ಇವುಗಳಲ್ಲಿ ವರ್ಷ ಕಳೆಯಬೇಡಿ. ತಜ್ಞರ ವರದಿ ಕೈಗೆ ಬರುವವರೆಗೆ ಆ ಮಗುವಿನ ನೋಟ್‌ಬುಕ್ಕನ್ನು ತರಗತಿಯ ಮುಂದೆ ಎತ್ತಿ ತೋರಿಸುವುದನ್ನು ನಿಲ್ಲಿಸುವಂತೆ ಮೇಷ್ಟರನ್ನು ಕೇಳಿಕೊಳ್ಳಿ, ಮತ್ತು ಉತ್ತರಗಳನ್ನು ಬಾಯಲ್ಲಿ ಹೇಳಲು ಅದಕ್ಕೆ ಅವಕಾಶ ಕೊಡಿಸಿ.